ಜೋಳ ಕುಡಿಯುವ ಕಾರು

ವರ್ನಾ ಕೂರಬೇಕಿದ್ದ ಸೀಟಿನಲ್ಲಿ ಇಂಧನದ ಡಬ್ಬಿಯೊಂದು ಕೂತಿತ್ತು. ಅದಕ್ಕೆ ಬೆಲ್ಟ್ ಕೂಡ ಹಾಕಲಾಗಿತ್ತು. ತಲೆಗೆ ಹೂವಿನ ಸ್ಕಾರ್ಫ್ ಕಟ್ಟಿಕೊಂಡು, ಮಾಂಸ, ಆಲೂಗಡ್ಡೆ ತುಂಬಿ ಬೇಯಿಸಿ ಬಟ್ಟೆಯಲ್ಲಿ ಸುತ್ತಿದ ಬಿಸಿ ಪ್ಯಾಸ್ಟಿಗಳನ್ನು ಎದೆಗವಚಿಕೊಂಡು ಬಂದವಳು ಗ್ಯಾರೇಜಿನ ಬಾಗಿಲಲ್ಲೇ ನಿಂತಳು.

“ಇದ್ಯಾರು, ನಿನ್ನ ಎರಡನೇ ಹೆಂಡ್ತಿನಾ?”

“ಹಿಂದೆ ಜಾಗ ಇಲ್ಲ ಕಣೇ,” ಎಂದ ಆರ್ವಿಡ್, ಕೈ ಒರೆಸಿಕೊಳ್ಳುತ್ತ. “ಅಲ್ಲಿ ಆಗಲೇ ಐದು ಕೂತಿದಾವೆ.”

ಅವರ ಮದುವೆಗೆ ಮೂವತ್ತು ವರ್ಷ ತುಂಬಿದ ದಿನ ಅದು. ಗಂಡನ ಹಳೆಯ ಟರ್ಬೊ ಕಾರಿನಲ್ಲಿ ಅವನ ಪಕ್ಕ ಕೂತು, ಕಿಟಕಿ ಇಳಿಸಿಕೊಂಡು, ಸುಪೀರಿಯರ್ ಸರೋವರದ ದಂಡೆಯ ರಸ್ತೆಯಲ್ಲಿ ಅಕ್ಕ ಐಲಿಯ ಮರದ ಮನೆಗೆ ಹೋಗಬೇಕು. ವರ್ನಾ ಕೇಳಿದ್ದು ಇಷ್ಟೇ. ಮೂರು ಬೇಸಿಗೆಯ ಹಿಂದೆಯೇ ಹೋಗಬಹುದಿತ್ತು. ಆದರೆ ಇಂಧನದ ಪಂಪು ಸಣ್ಣದೆಂದು ಆರ್ವಿಡ್ ದೊಡ್ಡದನ್ನು ಹಾಕಿದ. ಪಂಪು ದೊಡ್ಡದಾದ ಮೇಲೆ, ಎಂಜಿನ್ನಿಗೆ ಇಂಧನ ಚಿಮ್ಮಿಸುವ ಇಂಜೆಕ್ಟರುಗಳು ಬಡಕಲಾಗಿ ಕಂಡವು. ಅವು ಬದಲಾದ ಮೇಲೆ ಕೊಳವೆಗಳು. ಕೊಳವೆಗಳಾದ ಮೇಲೆ, ಒಂಟಿಯಾಗಿದ್ದ ಪಂಪಿಗೆ ಜೊತೆಯಾಗಿ ಇನ್ನೊಂದು ಪಂಪು. ಕೊನೆಗೆ, ಇಷ್ಟೆಲ್ಲ ಮಾಡಿ ಸಾದಾ ಪೆಟ್ರೋಲ್ ಕುಡಿಸುವುದು ಅವಮಾನವೆನ್ನಿಸಿ, ಎಂಜಿನ್ನನ್ನು ಮೆಕ್ಕೆಜೋಳದ ಎಥೆನಾಲಿಗೇ ಹೊಂದಿಸಿಬಿಟ್ಟ. ಈಗ ಅದಕ್ಕೆ ಬೇರೇನೂ ಒಗ್ಗುತ್ತಿರಲಿಲ್ಲ. ಎಥೆನಾಲ್ ಸಿಗುತ್ತಿದ್ದ ಬಂಕು ಒಂದೇ, ಅದೂ ಸರೋವರಕ್ಕೆ ಬೆನ್ನು ಹಾಕಿ ಹೋಗಬೇಕಾದ ದಿಕ್ಕಿನಲ್ಲಿ. ತುಂಬಿಸಿಕೊಂಡು ಮನೆ ಮುಟ್ಟುವಷ್ಟರಲ್ಲಿ ಕಾರು ಅರ್ಧ ಕುಡಿದು ಮುಗಿಸುತ್ತಿತ್ತು.

“ಐಲಿ ಮನೆ ದಾರೀಲಿ ಬಂಕೇ ಇಲ್ವಾ?”

“ಇದಾವೆ. ಅಲ್ಲಿ ಬರೀ ಪೆಟ್ರೋಲು,” ಎಂದ ಆರ್ವಿಡ್, ಬರೀ ಗಂಜಿ ಎನ್ನುವ ಧಾಟಿಯಲ್ಲಿ.

“ಈ ವಾಸನೆ ಕುಡ್ಕೊಂಡು ನಾನು ಕೂರಲ್ಲ.”

“ಅದೂ ಸರಿನೇ. ಡಬ್ಬಿಗಳನ್ನೆಲ್ಲ ಪಿಕಪ್ಪಿಗೆ ಹಾಕೋಣ.”

ಆರೂ ಡಬ್ಬಿಗಳು ಪಿಕಪ್ ಟ್ರಕ್ಕಿನ ಹಿಂಬದಿ ಸೇರಿದವು. ಕಾರಿನ ಸೀಟು ಖಾಲಿಯಾಯಿತು. ವರ್ನಾ ಸ್ಕಾರ್ಫನ್ನು ಇನ್ನೊಮ್ಮೆ ಬಿಗಿದುಕೊಂಡು ಬಾಗಿಲಿಗೆ ಕೈ ಹಾಕಿದಳು. ಆರ್ವಿಡ್ ಕತ್ತು ತುರಿಸಿಕೊಂಡ.

“ಅಲ್ಲ ವರ್ನಾ, ಹಾಗಾದ್ರೆ ಪಿಕಪ್ ಓಡ್ಸೋರು ಯಾರು?”

ವರ್ನಾ ಪಿಕಪ್ ಓಡಿಸಿಕೊಂಡು ಗಂಡನ ಹಿಂದೆ ಹೊರಟಳು. ಎಡಕ್ಕೆ ಸರೋವರ ಹೊಳೆಯುತ್ತಿತ್ತು. ಮುಂದೆ ಕಾರಿನ ಸದ್ದಿತ್ತು, ಕಾರು ಇರಲಿಲ್ಲ.

ಅರ್ಧ ದಾರಿಯಲ್ಲಿ, ಹೊಗೆಯಲ್ಲಿ ಬೇಯಿಸಿದ ಮೀನು ಮಾರುವ ಅಂಗಡಿಯ ಮುಂದೆ, ಅವಳಿಗಾಗಿ ಅಲ್ಲ, ಡಬ್ಬಿಗಳಿಗಾಗಿ ಆರ್ವಿಡ್ ಕಾದು ನಿಂತಿದ್ದ. ಅವಳು ಪಿಕಪ್ ನಿಲ್ಲಿಸುವ ಹೊತ್ತಿಗೆ ಕ್ಯಾಪು ಹಾಕಿದ ಮೂವರು ಗಂಡಸರು ಕಾರನ್ನು ಸುತ್ತುವರಿದಾಗಿತ್ತು. ಆರ್ವಿಡ್ ಡಬ್ಬಿಯ ವಿಷಯ ಮರೆತು ಬಾನೆಟ್ ಎತ್ತಿದ. ಒಬ್ಬ ಕ್ಯಾಪು ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಪಂಪು?”

“ಎರಡು.”

“ಇಂಜೆಕ್ಟರು?”

“ಮೊದಲಿದ್ದುದರ ಮೂರರಷ್ಟು.”

“ಕುಡಿಯೋದು?”

“ಜೋಳ.”

ಮೂವರೂ ಒಟ್ಟಿಗೆ ಉಸಿರುಬಿಟ್ಟರು. ಭಾನುವಾರ ಚರ್ಚಿನಲ್ಲಿ ಪಾದ್ರಿ ಒಂದು ಸಾಲು ಹೇಳಿದರೆ ಸಭೆ ಒಂದು ಸಾಲು ಹೇಳುವ ಹಾಗೆ, ಅಷ್ಟೇ ತಗ್ಗಿದ ದನಿಯಲ್ಲಿ ಅದು ನಡೆಯಿತು. ಪಿಕಪ್ಪಿನಲ್ಲಿ ಕೂತಿದ್ದ ವರ್ನಾಳ ತುಟಿಗಳೂ ತಾವಾಗಿ ಅಲುಗುತ್ತಿದ್ದವು. ಮೂರು ವರ್ಷ ಊಟದ ಮೇಜಿನಲ್ಲಿ ಕೇಳಿ ಕೇಳಿ ಅವಳಿಗೂ ಬಾಯಿಪಾಠವಾಗಿತ್ತು.

“ಒಂದ್ಸಲ ಸೌಂಡ್ ಕೇಳ್ಸಿ ಗುರುವೇ,” ಎಂದ ಒಬ್ಬ. ಆರ್ವಿಡ್ ಕೇಳಿಸಿದ. ಮೀನು ಕೊಳ್ಳಲು ಬಂದ ಅಜ್ಜಿಯೊಬ್ಬಳು ಕಿವಿ ಮುಚ್ಚಿಕೊಂಡಳು. “ಇನ್ನೊಂದ್ಸಲ,” ಎಂದ ಮತ್ತೊಬ್ಬ.

ಕ್ಯಾಪು ಕೈಯಲ್ಲಿ ಹಿಡಿದಿದ್ದವನು ಖಾಲಿ ಸೀಟನ್ನು ನೋಡಿದ. “ಒಬ್ರೇ ಹೊರಟಿದ್ದೀರಾ?”

“ಇಲ್ಲಪ್ಪ. ಇವತ್ತು ನಮ್ಮ ಮದುವೆ ದಿನ. ಹೆಂಡ್ತೀನ ಸುತ್ತಾಡ್ಸೋಕೆ ಕರ್ಕೊಂಡು ಹೊರಟಿದ್ದೀನಿ.”

“ಮತ್ತೆ ಅವ್ರೆಲ್ಲಿ?”

ಎಂಜಿನ್ನಿನಿಂದ ತಲೆಯೆತ್ತದೆಯೇ ಆರ್ವಿಡ್ ಹೆಬ್ಬೆರಳನ್ನು ಹಿಂದಕ್ಕೆ ತೋರಿಸಿದ. “ಅಲ್ಲೇ, ಎಥೆನಾಲ್ ಜತೆ.”

ವರ್ನಾ ಪಿಕಪ್ಪನ್ನು ಸ್ಟಾರ್ಟ್ ಮಾಡಿದಳು. ಆ ಗದ್ದಲದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಅವಳು ಕಿಟಕಿ ಪೂರ್ತಿ ಇಳಿಸಿಕೊಂಡು ದಂಡೆಯ ರಸ್ತೆಗಿಳಿದಳು.

ಫೋನು ಬಂದಾಗ ಅಕ್ಕತಂಗಿಯರು ಐಲಿಯ ಮನೆಯೆದುರು ಸರೋವರಕ್ಕೆ ಚಾಚಿದ ಹಲಗೆಕಟ್ಟೆಯ ಮೇಲೆ ಕೂತು, ನೀರಿಗೆ ಕಾಲು ಇಳಿಬಿಟ್ಟುಕೊಂಡು ಪ್ಯಾಸ್ಟಿ ತಿನ್ನುತ್ತಿದ್ದರು.

“ವರ್ನಾ, ಡಬ್ಬಿಗಳು ನಿನ್ನ ಹತ್ರ ಇದಾವೆ ಕಣೇ.”

“ಇದಾವೆ. ನೆರಳಲ್ಲಿ ಇಟ್ಟಿದ್ದೀನಿ.”

“ಇಲ್ಲಿ ಟ್ಯಾಂಕ್ ಒಣಗಿಹೋಯ್ತು. ಅವರು ಇನ್ನೊಂದ್ಸಲ, ಇನ್ನೊಂದ್ಸಲ ಅಂದ್ರು.”

“ಅವರಿಗೇ ತಳ್ಳೋಕೆ ಹೇಳು.”

“ಹೋಗ್ಬಿಟ್ರು. ಮನೇಲಿ ಹೆಂಡ್ತಿ ಕಾಯ್ತಿರ್ತಾಳೆ ಅಂದ್ರು.”

ವರ್ನಾ ಬಾಯಲ್ಲಿದ್ದುದನ್ನು ನಿಧಾನವಾಗಿ ಅಗಿದು ನುಂಗಿದಳು.

“ಅಲ್ಲಿಂದ ಸರೋವರ ಕಾಣುತ್ತಾ, ಆರ್ವಿಡ್?”

“ಕಾಣುತ್ತೆ. ಯಾಕೆ?”

“ನೋಡ್ತಾ ಕೂತಿರು. ನಾನೂ ಇಲ್ಲಿ ಅದನ್ನೇ ನೋಡ್ತಿದ್ದೀನಿ. ಅಂತೂ ಇಬ್ರೂ ಜತೆಗೇ ಬಂದ ಹಾಗಾಯ್ತು.”