ಮುನ್ನೂರ ಹನ್ನೆರಡು ಸದಸ್ಯರು

ಐದನೇ ಮಹಡಿ ಬಿಟ್ಟ ಲಿಫ್ಟು ನಾಲ್ಕು ತಲುಪುವ ಮೊದಲೇ ಒಮ್ಮೆ ಬಿಕ್ಕಿ ನಿಂತುಬಿಟ್ಟಿತು. ಒಳಗಿದ್ದವರು ಇಬ್ಬರು: ಐದನೇ ಮಹಡಿಯ ಎಕ್ಸ್‌ರೇ ಹುಡುಗಿ, ಆರನೇ ಮಹಡಿಯ ನಿವೃತ್ತ ಸ್ಟೇಷನ್ ಮಾಸ್ತರು. ಗಂಟೆ ಒಂಬತ್ತು ಹದಿನೈದು. ಹತ್ತಕ್ಕೆ ಸರಿಯಾಗಿ ಪರೀಕ್ಷಾ ಕೇಂದ್ರದ ಗೇಟು ಮುಚ್ಚುತ್ತಿತ್ತು. ಎಂಟು ವರ್ಷ ಆಸ್ಪತ್ರೆಯಲ್ಲಿ ಗುತ್ತಿಗೆಯ ಮೇಲೆ ಕಂಡವರ ಮೂಳೆ ಚಿತ್ರ ತೆಗೆದವಳಿಗೆ ಅದೇ ಕೆಲಸ ಕಾಯಂ ಆಗಲು ಇದ್ದದ್ದು ಈ ಪರೀಕ್ಷೆಯೊಂದೇ. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮಿತಿ ದಾಟುತ್ತಿತ್ತು. ಪರೀಕ್ಷೆಗೆ ಫೋನು ಬಿಡುವುದಿಲ್ಲವೆಂದು ಮನೆಯಲ್ಲೇ ಇಟ್ಟು ಬೀಗ ಹಾಕಿಕೊಂಡು ಬಂದಿದ್ದಳು.

ಗಂಟೆಯ ಗುಂಡಿ ಒತ್ತಿದಳು. ಸದ್ದಿಲ್ಲ.

"ಅದು ಕೆಟ್ಟು ತಿಂಗಳಾಯ್ತಮ್ಮ," ಎಂದರು ಮಾಸ್ತರು. "ಗ್ರೂಪಲ್ಲಿ ಹನ್ನೊಂದು ಸಲ ಪೋಸ್ಟ್ ಹಾಕಿದೀನಿ. ಹತ್ತು ಜನ ಒಪ್ಪಿಗೆ ಕೊಟ್ಟಿದ್ರೆ ರಿಪೇರಿ ಮಾಡಿಸ್ತಿದ್ದೆ. ಒಬ್ರೂ ಕೊಡ್ಲಿಲ್ಲ. ನೀನೂ ಕೊಡ್ಲಿಲ್ಲ."

ಹುಡುಗಿ ತನ್ನ ಚಪ್ಪಲಿ ನೋಡಿಕೊಂಡಳು.

ಮಾಸ್ತರು ಕಟ್ಟಡದ ಸಂಘದ ಅಧ್ಯಕ್ಷರು. ರೈಲು ಕೈಬಿಟ್ಟರೂ ಘೋಷಣೆಯ ಚಟ ಬಿಟ್ಟಿರಲಿಲ್ಲ. 'ನಮ್ಮ ಕಟ್ಟಡ, ನಮ್ಮ ಹೆಮ್ಮೆ' ಎಂಬ ಮೊಬೈಲ್ ಗ್ರೂಪಿನಲ್ಲಿ ಬೆಳಗಿನ ಐದಕ್ಕೇ ಶುರು: ಟ್ಯಾಂಕಿನಲ್ಲಿ ನೀರೆಷ್ಟಿದೆ, ಯಾರ ಸ್ಕೂಟರು ಅಡ್ಡ ನಿಂತಿದೆ, ಮೆಟ್ಟಿಲ ಮೇಲೆ ಸಿಕ್ಕ ಒಂಟಿ ಕಾಲುಚೀಲದ ನಾಲ್ಕು ಫೋಟೋ. ಯಾರ ಫೋನು ತೆರೆದರೂ ಮಾಸ್ತರೇ ಮಾಸ್ತರು. ಎಕ್ಸ್‌ರೇ ಹುಡುಗಿಯ ಸ್ವಂತ ತಂಗಿ ಹೆತ್ತ ಸುದ್ದಿ ಆ ಕಾಲುಚೀಲದಡಿ ಹೂತುಹೋಗಿ ಅವಳ ಕಣ್ಣಿಗೆ ಬಿದ್ದಾಗ ಮೂರು ದಿನ ಕಳೆದಿತ್ತು. ಗುಂಪು ಬಿಡುವ ಹಾಗೂ ಇರಲಿಲ್ಲ. ಬಿಟ್ಟವರ ಮನೆಗೆ ಮಾಸ್ತರು ಕಾರಣ ಕೇಳಲು ಬರುತ್ತಿದ್ದರು, ಬಂದರೆ ಬೇಗ ಏಳುತ್ತಿರಲಿಲ್ಲ. ಕೊನೆಗೆ ಅವಳೇ ಉಪಾಯ ಹುಡುಕಿದಳು: ಮೂರು ಚುಕ್ಕೆ ಒತ್ತು, ಮ್ಯೂಟ್ ಒತ್ತು, 'ಯಾವಾಗಲೂ' ಒತ್ತು. ಮಾಸ್ತರಿಗೆ ಸುಳಿವೂ ಸಿಗುವುದಿಲ್ಲ. ಸುದ್ದಿ ಕಿವಿಯಿಂದ ಕಿವಿಗೆ ಹರಿದು, ಒಂದೇ ವಾರದಲ್ಲಿ ಕಟ್ಟಡಕ್ಕೆ ಕಟ್ಟಡವೇ ಫೋನು ಹಿಡಿದು ಅವಳ ಬಾಗಿಲಿಗೆ ಬಂದುಹೋಗಿತ್ತು.

ಇಬ್ಬರೂ ಕೂಗಿದರು. ಒಂದು ಮನೆಯಲ್ಲಿ ಟಿವಿ, ಇನ್ನೊಂದರಲ್ಲಿ ಮಿಕ್ಸಿ. ಪಕ್ಕದ ಲಿಫ್ಟು ಸುಖವಾಗಿ ಓಡಾಡುತ್ತಿತ್ತು, ಹೀಗಾಗಿ ಇದರ ಗೊಡವೆ ಯಾರಿಗೂ ಬೇಕಿರಲಿಲ್ಲ.

"ಗಂಟಲು ಯಾಕೆ ಹರ್ಕೋತೀಯ?" ಮಾಸ್ತರು ಫೋನು ತೆಗೆದರು. ಕರೆ ಹೋಗುತ್ತಿರಲಿಲ್ಲ, ಕಟ್ಟಡದ ವೈಫೈ ಮಾತ್ರ ಎಳೆಯಷ್ಟು ಸಿಗುತ್ತಿತ್ತು. "ಮುನ್ನೂರ ಹನ್ನೆರಡು ಸದಸ್ಯರಿದ್ದಾರೆ. ಒಂದು ಪೋಸ್ಟ್ ಹಾಕಿದ್ರೆ ಮೆಟ್ಟಿಲ ತುಂಬ ಜನ."

"ಅಂಕಲ್, ನಿಮ್ಮನೇಲಿ ಆಂಟಿಗೆ ಒಂದು ಮೆಸೇಜ್ ಹಾಕಿ, ಸಾಕು."

"ಅವಳಿಗೆ ಬೇರೆ ಯಾಕೆ? ಗ್ರೂಪಲ್ಲಿ ಹಾಕಿದ್ರೆ ಅವಳೂ ನೋಡ್ತಾಳೆ."

ಹಾಕಿದರು. ಒಂಬತ್ತೂ ಇಪ್ಪತ್ತೈದು. ಫೋಟೋ ಸಮೇತ ಮತ್ತೆ ಹಾಕಿದರು. ಒಂಬತ್ತೂ ಮೂವತ್ತೈದಕ್ಕೆ ಫೋನು ಕಿಣಿಕ್ ಎಂದಿತು. ಹುಡುಗಿ ಮಾಸ್ತರ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಎರಡನೇ ಮಹಡಿಯ ವಕೀಲರು: 'ಲಿಫ್ಟಿನ ದೂರನ್ನು ನಿರ್ವಹಣೆಯ ಬೇರೆ ಗ್ರೂಪಿನಲ್ಲಿ ಹಾಕಬೇಕು, ನಿಯಮ ನಾಲ್ಕು. ಅಧ್ಯಕ್ಷರೇ ನಿಯಮ ಮುರಿದರೆ ಹೇಗೆ? ನಾನು ಕೋರ್ಟಿನಲ್ಲಿದ್ದೇನೆ, ಸಂಜೆ ಮಾತಾಡೋಣ.'

"ಉಳಿದವರೆಲ್ಲ ಎಲ್ಲಿ ಸತ್ತರು?" ಎಂದರು ಮಾಸ್ತರು. ಫೋನಿನಲ್ಲಿ ಇನ್ನು ಎರಡೇ ಪರ್ಸೆಂಟ್ ಚಾರ್ಜು.

"ಅಂಕಲ್, ಯಾರೂ ನೋಡಲ್ಲ. ಎಲ್ಲರೂ ನಿಮ್ಮ ಗ್ರೂಪ್ ಮ್ಯೂಟ್ ಮಾಡಿದಾರೆ. ಹೇಳ್ಕೊಟ್ಟಿದ್ದು ನಾನೇ."

"ಎಲ್ಲರೂ ಅಂದ್ರೆ?"

"ಎಲ್ಲರೂ. ವಕೀಲರೊಬ್ಬರೇ ಬೇಡ ಅಂದಿದ್ದು. ಅವರಿಗೆ ದಿನಾ ಜಗಳಕ್ಕೆ ಏನಾದ್ರೂ ಬೇಕಂತೆ."

"ನಮ್ಮನೆಯವಳು?"

"ಮೊದಲು ಬಂದಿದ್ದೇ ಆಂಟಿ."

ಮಾಸ್ತರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. "ದಿನಾ ಊಟಕ್ಕೆ ಕೂತಾಗ ಹೇಳ್ತಾಳಲ್ಲ, ಇವತ್ತಿನ ಪೋಸ್ಟು ಚೆನ್ನಾಗಿತ್ತು ಅಂತ."

"ಯಾವುದು ಅಂತ ಕೇಳಿದ್ರಾ?"

"ಇಲ್ಲ."

"ಅದೆಲ್ಲ ಆಮೇಲೆ. ಆಂಟಿಗೆ ನೇರ ಮೆಸೇಜ್ ಹಾಕಿ ಅಂಕಲ್, ನಿಮ್ಮ ಕಾಲಿಗೆ ಬೀಳ್ತೀನಿ!"

ಮಾಸ್ತರು ಹೆಂಡತಿಯ ಹೆಸರು ಹುಡುಕಿದರು. ಅವಳಿಗೆ ಹಾಕಿದ ಕೊನೆಯ ಮೆಸೇಜು ಎರಡು ವರ್ಷ ಕೆಳಗೆಲ್ಲೋ ಇತ್ತು. ಸಿಗುವಷ್ಟರಲ್ಲಿ, ಬೆಳಗಿನ ಐದರಿಂದ ದುಡಿದಿದ್ದ ಫೋನು ಕಣ್ಣು ಮುಚ್ಚಿತು.

ಆಮೇಲೆ ಅವರು ಒಂದು ಬೂಟು ಬಿಚ್ಚಿ ಬಾಗಿಲಿಗೆ ಬಡಿಯತೊಡಗಿದರು. ಹುಡುಗಿ ಇನ್ನೊಂದನ್ನು ಕೇಳಿ ಪಡೆದು ತಾನೂ ಬಡಿದಳು. ಒಂಬತ್ತೂ ಐವತ್ತು ಕಳೆಯಿತು, ಹತ್ತೂ ಕಳೆಯಿತು. ಕಸದ ಬಕೆಟ್ಟು ಹಿಡಿದು ಮೆಟ್ಟಿಲಿಳಿಯುತ್ತಿದ್ದ ಮಾಸ್ತರ ಹೆಂಡತಿಗೇ ಸದ್ದು ಕೇಳಿಸಿದ್ದು. ವಾಚ್‌ಮನ್ ಬಂದು ಲಿಫ್ಟಿನ ಕೀಲಿ ತಿರುಗಿಸಿ ಬಾಗಿಲು ಅಗಲಿಸಿದಾಗ ಹತ್ತೂ ಹದಿನೈದು.

ಹುಡುಗಿ ಹತ್ತಿ ಹೊರಬಂದಳು, ಆದರೆ ಓಡಲಿಲ್ಲ. ಪ್ರವೇಶಪತ್ರ ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅವಳ ಹಿಂದೆ, ಬರಿಗಾಲಲ್ಲಿ, ಮಾಸ್ತರು.

ಹೆಂಡತಿ ಬಕೆಟ್ಟು ಕೆಳಗಿಟ್ಟು ಇಬ್ಬರನ್ನೂ ನೋಡಿದರು, ಸೊಂಟದ ಮೇಲೆ ಕೈಯಿಟ್ಟುಕೊಂಡರು.

"ಅಲ್ಲಾ ರೀ, ಹಾಳು ಕಾಲುಚೀಲ ಸಿಕ್ಕರೂ ಗ್ರೂಪಲ್ಲಿ ಹಾಕ್ತೀರಲ್ಲ. ಇದನ್ನೊಂದು ಹಾಕೋಕೆ ನಿಮಗೇನಾಗಿತ್ತು?"