ನಂಬೋಕಾಗದ ಅಕ್ಕ

"ಆ ಅಕ್ಕನ ಪಾತ್ರ ಮಾತ್ರ ನಂಬೋ ಹಾಗಿಲ್ಲ ಕಣ್ರೀ," ಎಂದು ಮಗಳ ಫ್ರಾಕಿಗಾಗಿ ಕಾದು ಕೂತಿದ್ದ ಟೀಚರ್ ಹೇಳಿದಾಗ ಹೊಲಿಗೆ ಮೆಷಿನ್ನಿನ ಮೇಲೆ ಟೈಲರಕ್ಕನ ಕಾಲು ತಟ್ಟನೆ ನಿಂತಿತು. ಹಳೆಯ ಕೇಸುಗಳನ್ನು ಮತ್ತೆ ಕೆದಕುವ ಆ ಧಾರಾವಾಹಿಯನ್ನು ಅವಳೂ ಒಂದು ಕಂತು ಬಿಡದೆ ನೋಡುತ್ತಿದ್ದಳು. "ತಮ್ಮ ಕಾಣೆಯಾಗಿ ಹನ್ನೆರಡು ವರ್ಷ ಆದ್ರೂ ಪ್ರತಿ ಸೋಮವಾರ ಪೊಲೀಸ್ ಸ್ಟೇಷನ್ನಿಗೆ ಹೋಗ್ತಾಳಂತೆ! ಯಾರ್ರೀ ಹೋಗ್ತಾರೆ ಹಾಗೆ?"

"ಕಥೆ ಎಳೀಬೇಕಲ್ಲ, ಅದಕ್ಕೆ," ಎಂದು ಅಳತೆ ಕೊಡಲು ಬಂದಿದ್ದ ನರ್ಸು ನಕ್ಕಳು. "ನೀವೇನಂತೀರಾ ಅಕ್ಕಾ?"

ಟೈಲರಕ್ಕ ಅರ್ಧ ಹೊಲಿದ ತೋಳನ್ನು ಬೆರಳಿನಿಂದ ಮತ್ತೆ ಮತ್ತೆ ನೀವಿದಳು. ಅದರಲ್ಲಿ ಒಂದು ಸುಕ್ಕೂ ಇರಲಿಲ್ಲ. "ಮೊದಲೆರಡು ವರ್ಷ ಹೋಗ್ತಾರೆ," ಎಂದಳು. "ಆಮೇಲೆ ಅಲ್ಲಿರೋರೆಲ್ಲ ನಮ್ಮನ್ನ ಕಂಡ್ರೆ ಮುಖ ತಿರುಗಿಸ್ತಾರೆ. ನಾಚಿಕೆಯಾಗುತ್ತೆ. ನಾನು ಬಿಟ್ಟುಬಿಟ್ಟೆ."

ಅವಳಿಗೊಬ್ಬ ತಮ್ಮನಿದ್ದ ಸಂಗತಿ ಆ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಟೈಲರಕ್ಕ ಗೋಡೆಯ ಗಡಿಯಾರ ನೋಡಿ, ಮಡಿಲಲ್ಲಿದ್ದ ದಾರದ ತುಣುಕುಗಳನ್ನು ಕೊಡವಿಕೊಂಡು ಎದ್ದಳು.

"ಫ್ರಾಕು ನಾಳೆ ಕೊಡ್ತೀನಿ ಟೀಚರ್, ಬೇಜಾರು ಮಾಡ್ಕೋಬೇಡಿ. ಸ್ಟೇಷನ್ನಿಗೆ ಹೊಸ ಇನ್ಸ್‌ಪೆಕ್ಟರ್ ಬಂದಿದ್ದಾರಂತೆ. ನನ್ನ ತಮ್ಮನ ಹೆಸರು ಅವರಿಗೆ ಯಾರೂ ಹೇಳಿರಲ್ಲ."