ಪಕ್ಕದ ಸೀಟಿನ ಬ್ರೇಕು

"ನಿಮ್ಮ ಮಗಳು ನನ್ನ ಮುಂದೇನೇ ಕಾಲು ಅಪ್ಪಳಿಸ್ತಾಳೆ. ಎರಡು ವಾರದಲ್ಲಿ ಇದು ಐದನೇ ಸಲ" ಎಂದು ಕ್ಲಾಸ್ ಟೀಚರ್ ಹೇಳಿದಾಗ, ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ಕೂತಿದ್ದ ಡ್ರೈವಿಂಗ್ ಮೇಷ್ಟ್ರಿಗೆ ನಂಬಿಕೆಯೇ ಬರಲಿಲ್ಲ. ಪಕ್ಕದಲ್ಲಿ ಎಂಟು ವರ್ಷದ ಮಗಳು ಚಿನಕುರಳಿ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಇದು ಯಾರದೋ ವಿಷಯ ಎನ್ನುವ ಹಾಗೆ ಕಿಟಕಿಯ ಕಡೆ ನೋಡುತ್ತಿದ್ದಳು. ಟೀಚರ್ ಒಂದು ಹಾಳೆಯನ್ನು ಮುಂದಕ್ಕೆ ತಳ್ಳಿದರು. ಮಗಳು ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಎಂಬ ಮುಚ್ಚಳಿಕೆ. ಅಪ್ಪ ಸಹಿ ಹಾಕಿ ನಾಳೆ ತಂದುಕೊಡಬೇಕು. ಆಮೇಲೂ ದೂರು ಬಂದರೆ ಬೇರೆ ಶಾಲೆ ನೋಡಿಕೊಳ್ಳಬೇಕು. ನಡುವರ್ಷದಲ್ಲಿ ಯಾವ ಶಾಲೆಯವರು ಸೇರಿಸಿಕೊಳ್ಳುತ್ತಾರೆ?

ಹೋದ ತಿಂಗಳ ದೂರು ಬೇರೆಯದು. ರಬ್ಬರ್ ಕಿತ್ತುಕೊಂಡ ಹುಡುಗಿಯ ಮುಂಗೈಯನ್ನು ಚಿನಕುರಳಿ ಕಚ್ಚಿದ್ದಳು. ಅವತ್ತು ಮೇಷ್ಟ್ರು ಬೈಯಲಿಲ್ಲ. ನಿಂತ ಕಾರಿನಲ್ಲಿ ಮಗಳನ್ನು ಕೂರಿಸಿ ತಮಗೆ ಗೊತ್ತಿದ್ದ ಭಾಷೆಯಲ್ಲಿ ತಿಳಿಸಿ ಹೇಳಿದ್ದರು. ಸಿಟ್ಟು ಬರುವುದು ತಪ್ಪಲ್ಲ, ಎಂಜಿನ್ ಇದ್ದಮೇಲೆ ಗಾಡಿ ಓಡಿಯೇ ಓಡುತ್ತದೆ; ಓಡಲು ಶುರುವಾಯಿತು ಅನ್ನಿಸಿದ ಕೂಡಲೇ ಬ್ರೇಕು ಒತ್ತಬೇಕು ಅಷ್ಟೆ. ಶೂ ಒಳಗೆ ಹೆಬ್ಬೆರಳನ್ನು ಅದುಮಿ ಹಿಡಿಯುವುದನ್ನು ತೋರಿಸಿಕೊಟ್ಟರು. ಆಮೇಲೆ ಅವಳು ಯಾರನ್ನೂ ಕಚ್ಚಲಿಲ್ಲ. ಡ್ರೈವಿಂಗ್ ಕಲಿಯಲು ಬಂದವರಿಗೆಲ್ಲ ಮೇಷ್ಟ್ರು ಈ ಪ್ರತಾಪವನ್ನು ಹೇಳಿದ್ದೇ ಹೇಳಿದ್ದು.

ತಾಳ್ಮೆಗೆ ಅವರದು ದೊಡ್ಡ ಹೆಸರು. ಕಲಿಸುವ ಕಾರಿನಲ್ಲಿ ಎರಡು ಬ್ರೇಕು: ಒಂದು ಕಲಿಯುವವರ ಕಾಲಿಗೆ, ಇನ್ನೊಂದು ಪಕ್ಕದ ಸೀಟಿನಲ್ಲಿ ಕೂರುವ ಮೇಷ್ಟ್ರ ಕಾಲಿಗೆ. ಕಲಿಯುವವರು ಗಾಬರಿಬಿದ್ದು ಎಲ್ಲಿಗೋ ನುಗ್ಗಿದರೆ ಇವರು ತಮ್ಮದನ್ನು ಒತ್ತುತ್ತಾರೆ, ಗಾಡಿ ನಿಲ್ಲುತ್ತದೆ, ಬೈಗುಳದ ಪ್ರಮೇಯವೇ ಇಲ್ಲ. ಯಾರೇ ಬಂದರೂ ಮೊದಲ ಪಾಠ ಒಂದೇ. ಬ್ರೇಕು ಒಂದೇ ಸಲಕ್ಕೆ ಹಿಡಿಯಬೇಕು. ಮೂರು ಸಲ ಒತ್ತಿದ ಮೇಲೆ ಹಿಡಿಯುವ ಗಾಡಿಯನ್ನು ರಸ್ತೆಗೆ ಇಳಿಸಲೇಬಾರದು. ಭಾನುವಾರಗಳಲ್ಲಿ ಹಿಂದಿನ ಸೀಟಿನಲ್ಲಿ ಕೂತು ಬರುವ ಚಿನಕುರಳಿಗೆ ಈ ಪಾಠ ಬಾಯಿಪಾಠವಾಗಿತ್ತು. ಮನೆಯೊಳಗೆ ಮಾತ್ರ ಮೇಷ್ಟ್ರ ತಾಳ್ಮೆಯನ್ನು ಕಂಡವರು ಕಡಿಮೆ.

ಈಗ ನೋಡಿದರೆ ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು. ಟೀಚರ್ ಮೇಲೆ ಏನು ಸಿಟ್ಟು ಎಂದು ಕೇಳಿದರೆ ಮಗಳು ಸಿಟ್ಟೇ ಇಲ್ಲ ಎಂದಳು. ಹಾಗಾದರೆ ಕಾಲು ಯಾಕೆ ಅಪ್ಪಳಿಸಿದೆ ಎಂದರೆ ಮತ್ತೆ ಕಿಟಕಿಯ ಕಡೆ ತಿರುಗಿದಳು. ಸಾಲದ್ದಕ್ಕೆ ಟೀಚರ್ ಇನ್ನೊಂದು ಸಿಕ್ಕು ತಂದಿಟ್ಟರು.

"ನಾನು ಇವಳಿಗೆ ಬೈದಿದ್ದೂ ಅಲ್ಲ. ಐದು ಸಲಾನೂ ಬೇರೆ ಮಕ್ಕಳಿಗೆ ಬೈತಾ ಇದ್ದೆ. ಇವಳು ಧಡ್ ಅಂತ ಒದ್ದ ಸದ್ದಿಗೆ ನನಗೆ ಬೈಯೋ ಮಾತೇ ಮರೆತುಹೋಗತ್ತೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗತ್ತಾ ಸರ್?"

ಮೇಷ್ಟ್ರ ತಲೆ ಗೊಂದಲದ ಗೂಡಾಯಿತು. ಬೈಸಿಕೊಂಡವರು ಯಾರೋ, ಕಾಲು ಅಪ್ಪಳಿಸುವವಳು ಇವಳು. ಸಿಟ್ಟಿದೆಯೋ ಇಲ್ಲವೋ ಅದೂ ಗೊತ್ತಿಲ್ಲ. ಪರರ ಎದುರು ಮಾನ ಹೋಯಿತೆಂಬ ಸಂಕಟಕ್ಕೆ ಅವರ ದನಿ ಏರಿತು. ಬಾಯಿಬಿಟ್ಟು ಹೇಳುತ್ತೀಯೋ ಇಲ್ಲವೋ ಎಂದರು. ಚಿನಕುರಳಿ ಕಾಲು ಅಪ್ಪಳಿಸಿದಳು. ನನ್ನೆದುರಿಗೇ ಇಷ್ಟು ಕೊಬ್ಬೇ ಎಂದು ಕೂಗಿದರು. ಮತ್ತೊಮ್ಮೆ ಅಪ್ಪಳಿಸಿದಳು. ಅವರು ಎದ್ದು ನಿಂತು ಬೆರಳು ತೋರಿಸುತ್ತ ಕಿರುಚಿದಾಗ, ಎರಡೂ ಕಾಲು ಸೇರಿಸಿ ಎಷ್ಟು ಜೋರಾಗಿ ಒದ್ದಳೆಂದರೆ ಡೆಸ್ಕಿನ ಮೇಲಿದ್ದ ಪೆನ್ನು ಉರುಳಿ ಕೆಳಗೆ ಬಿತ್ತು. ಮೇಷ್ಟ್ರು ಬಾಯಿ ಮುಚ್ಚಿದರು. ಟೀಚರ್ ಪೆನ್ನು ಎತ್ತಿಕೊಂಡು, ನೋಡಿದಿರಲ್ಲ ಎಂದರು.

ಮುಚ್ಚಳಿಕೆಯನ್ನು ಜೇಬಿನಲ್ಲಿಟ್ಟುಕೊಂಡು ಅವರು ಕಾರಿಗೆ ಬಂದರು. ಮಗಳನ್ನು ಹಿಂದೆ ಕೂರಿಸಿ, ಬೆಲ್ಟು ಹಾಕಿ, ತಾವು ಮುಂದೆ ಕೂತರು. ಕೂಗಿದ್ದಕ್ಕೆ ನಾಚಿಕೆಯಾಗಿತ್ತು. ಹೊಸಬರಿಗೆ ಗೇರು ಹೇಳಿಕೊಡುವಾಗಿನ ಮೆತ್ತಗಿನ ದನಿಯಲ್ಲಿ, ಸಿಟ್ಟಿಗೆ ಬ್ರೇಕು ಹಿಡಿಯುವುದನ್ನು ಮರೆತುಬಿಟ್ಟೆಯಾ ಎಂದು ಕೇಳಿದರು.

"ಮರ್ತಿಲ್ಲಪ್ಪ. ನಂಗೆ ಸಿಟ್ಟು ಬಂದ್ರೆ ಶೂ ಒಳಗೇ ಒತ್ಕೋತೀನಿ. ಯಾರಿಗೂ ಗೊತ್ತಾಗಲ್ಲ."

"ಮತ್ತೆ ಧಡ್ ಅಂತ ಒದೆಯೋದು?"

"ಅದು ನಂಗಲ್ಲ. ಅದು ಪಕ್ಕದ ಸೀಟಿಂದು. ಮಿಸ್‌ಗೆ ಸಿಟ್ಟು ಬಂದು ಜೋರಾಗಿ ಹೋಗ್ತಾ ಇದ್ರು, ಅವರ ಪಕ್ಕ ಯಾರೂ ಇರ್ಲಿಲ್ಲ. ಅದಕ್ಕೆ ನಾನೇ ಒತ್ತಿದೆ."

ಮೇಷ್ಟ್ರಿಗೆ ನಗು ಬಂತು; ಬಂದದ್ದು ಅರ್ಧಕ್ಕೇ ನಿಂತಿತು. ಇನ್ನೊಬ್ಬರ ಸಿಟ್ಟಿಗೆ ನೀನು ಬ್ರೇಕು ಹಾಕಬಾರದು ಎಂದು ಹೇಳಬೇಕೆನ್ನಿಸಿತು. ಆದರೆ ಇಪ್ಪತ್ತು ವರ್ಷದಿಂದ ತಾವು ಅನ್ನ ತಿನ್ನುತ್ತಿರುವುದೇ ಇನ್ನೊಬ್ಬರ ಗಾಡಿಗೆ ಬ್ರೇಕು ಹಾಕಿ. ಜೇಬಿನ ಹಾಳೆಗೆ ಸಹಿ ಹಾಕಬೇಕೋ ಬೇಡವೋ, ಹಾಕಿದರೆ ಯಾರ ಪರವಾಗಿ ಹಾಕಬೇಕೋ ತಿಳಿಯಲಿಲ್ಲ. ಮನೆಗೆ ಹೋಗಿ ಯೋಚಿಸಿದರಾಯಿತು ಎಂದು ಕೀಲಿಗೆ ಕೈ ಹಾಕಿ, ಸುಮ್ಮನೆ ಮಾತಿಗೆ ಕೇಳಿದರು: "ಒತ್ತಿದ್ರೆ ಹಿಡಿಯತ್ತಾ ಅದು?"

"ಮಿಸ್‌ದು ಒಂದೇ ಸಲಕ್ಕೆ ಹಿಡಿಯತ್ತೆ" ಎಂದಳು ಚಿನಕುರಳಿ. ಕನ್ನಡಿಯಲ್ಲಿ ಅಪ್ಪನ ಮುಖವನ್ನು ಒಂದು ಗಳಿಗೆ ನೋಡಿ, ಹೇಳಲೋ ಬೇಡವೋ ಎನ್ನುವಂತೆ ದನಿ ತಗ್ಗಿಸಿದಳು. "ನಿಂದು ಮೂರು ಸಲ ಒತ್ತಬೇಕು."

ಮೇಷ್ಟ್ರು ಕೀಲಿಯಿಂದ ಕೈ ತೆಗೆದರು.